ಒಂಬತ್ತನೆಯ ದೀಪದ ಕಾವಲುಗಾರ

ಮಡಕಶಿರ
21-1-2025

ಅಪ್ಪಾಜಿಗೆ ವಿದ್ಯಾಶ್ರೀ ಮಾಡುವ ನಮಸ್ಕಾರಗಳು.

ಹಾಸ್ಟೆಲಿಗೆ ಸುಖವಾಗಿ ತಲುಪಿದೆ. ಸಂಕ್ರಾಂತಿ ರಜೆ ಮುಗಿಸಿ ಬಂದವರ ಬ್ಯಾಗುಗಳನ್ನೆಲ್ಲ ವಾರ್ಡನ್ ಮೇಡಂ ಗೇಟಿನಲ್ಲೇ ಜಾಲಾಡಿದರು. ಫೋನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದರೂ ನಂಬದೆ ಅಜ್ಜಿ ಕೊಟ್ಟ ಶೇಂಗಾ ಉಂಡೆಯ ಡಬ್ಬಿಗೂ ಕೈ ಹಾಕಿದರು. ನಾಲ್ಕು ಉಂಡೆ ಪುಡಿಯಾದವು. ಅಜ್ಜಿಗೆ ಹೇಳಬೇಡಿ, ಕೂತಲ್ಲಿಂದಲೇ ಶಾಪ ಹಾಕುತ್ತಾರೆ.

ಈ ಪತ್ರ ಬರೆಯುತ್ತಿರುವುದು ನಿಮ್ಮಿಂದ ಒಂದು ಕೆಲಸ ಆಗಬೇಕೆಂದು. ಭಾನುವಾರ ಮೇಡಂ ಫೋನಿನಲ್ಲಿ ಸಿಗುವ ಎರಡು ನಿಮಿಷದಲ್ಲಿ, ಹಿಂದೆ ಇಪ್ಪತ್ತು ಜನ ಸಾಲು ನಿಂತಿರುವಾಗ, ಹೇಳುವಂಥ ಕೆಲಸವಲ್ಲ. ನಗಬೇಡಿ. ಬೀರುವಿನಲ್ಲಿ ಅಮ್ಮನ ಸೀರೆಗಳ ಹಿಂದೆ ನನ್ನ ಫೋನು ಇದೆ. ಅದರಲ್ಲಿ 'ನೈನ್ ಬೀಕನ್ಸ್' ಆಟ ಇದೆ. ನೀವು 'ಆ ಕತ್ತಿ ಹುಡುಗಿ ಆಟ' ಅನ್ನುತ್ತೀರಲ್ಲ, ಅದೇ. 25ನೇ ತಾರೀಖಿನಿಂದ ಅದರಲ್ಲಿ ಹೊಸ ಕಥೆ ಬರುತ್ತದೆ, ಹದಿನೈದು ದಿನಕ್ಕೆ ಒಂದರಂತೆ ಮೂರು ಅಧ್ಯಾಯ. ಒಂದೊಂದು ಅಧ್ಯಾಯವೂ ಎರಡೇ ವಾರ ಇರುತ್ತದೆ. ಅಷ್ಟರೊಳಗೆ ಆಡದಿದ್ದರೆ ಹೋಯಿತು, ಮತ್ತೆ ಸಿಗುವುದಿಲ್ಲ. ಮೂರು ವರ್ಷದಿಂದ ಒಂದು ಅಧ್ಯಾಯವನ್ನೂ ಬಿಟ್ಟವಳಲ್ಲ ನಾನು. ನೀವು ಆಡಿ, ಕಥೆಯನ್ನು ನನಗೆ ಪತ್ರದಲ್ಲಿ ಬರೆಯಬೇಕು. ಕಾದಾಟ ಬಂದಾಗ ಮೂಲೆಯಲ್ಲಿರುವ 'ಆಟೋ' ಒತ್ತಿದರೆ ಅದೇ ಹೊಡೆದಾಡಿಕೊಳ್ಳುತ್ತದೆ. ನನಗೆ ಬೇಕಾದ್ದು ಕಾದಾಟವಲ್ಲ, ಕಥೆ.

ಹಿಂದಿನದು ಇಷ್ಟು ಗೊತ್ತಿದ್ದರೆ ಸಾಕು. ಒಂದು ನಾಡು, ಅದರಲ್ಲಿ ಒಂಬತ್ತು ಬೆಟ್ಟದ ಕೋಟೆ. ಪ್ರತಿ ಕೋಟೆಯ ನೆತ್ತಿಯಲ್ಲಿ ಒಂದು ದೀಪ, ಅದಕ್ಕೊಬ್ಬ ಕಾವಲುಗಾರ. ಕೆಳಗೆ ಬಯಲಿನಲ್ಲಿ ಮಬ್ಬು ಹಬ್ಬುತ್ತಿದೆ. ಮಬ್ಬು ಹೊಕ್ಕ ಊರಿನ ಜನ ತಮ್ಮ ಮನೆಯವರನ್ನೇ ಮರೆಯುತ್ತಾರೆ. ಎಂಟು ದೀಪ ಆರಿಹೋಗಿವೆ. ಉಳಿದಿರುವುದು ಒಂಬತ್ತನೆಯದು. ಅದನ್ನು ಕಾಯುವವನು ಹಾಲ್ಡನ್ ಎಂಬ ಮುದುಕ. ಮಿರೇಲ್ ಅನ್ನುವ ಹುಡುಗಿ (ಕತ್ತಿ ಹುಡುಗಿ) ಅವನ ಹತ್ತಿರ ಬಂದು ಸೇರಿದ್ದಾಳೆ. ಈ ನಾಡಿನ ಕಟ್ಟಳೆ ಒಂದೇ: ಒಂದು ದೀಪಕ್ಕೆ ಒಬ್ಬರೇ ಕಾವಲು. ಕಾವಲುಗಾರ ಬದುಕಿರುವಾಗ ಬೇರೆ ಯಾರು ಆ ದೀಪ ಎತ್ತಿದರೂ ಅದು ಆರುತ್ತದೆ. ಅವನು ಸಾಯುವ ಗಳಿಗೆಯಲ್ಲಿ ಯಾರು ಅವನ ಕೈ ಹಿಡಿದಿರುತ್ತಾರೋ ಅವರಿಗೆ ದೀಪ ಹೋಗುತ್ತದೆ. ಯಾರೂ ಹಿಡಿದಿರದಿದ್ದರೆ ಅಲ್ಲಿಗೆ ಮುಗಿಯಿತು. ಎಂಟು ದೀಪ ಆರಿದ್ದು ಹಾಗೆಯೇ.

ತಾತನಿಗೆ ಇದೆಲ್ಲ ಬಾಯಿಪಾಠವಿತ್ತು. "ಆ ದೀಪಕ್ಕ ಎಣ್ಣಿ ಯಾರು ತರ್ತಾರ?" ಎಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿ ನಾನು ನೋಟ್‌ಬುಕ್ಕಿನಲ್ಲಿ ಆರು ಪುಟ ಬರೆದಿದ್ದೇನೆ. ಈಗ ಕೇಳುವವರಿಲ್ಲ. ಅದಕ್ಕೇ ನಿಮ್ಮನ್ನು ಹಿಡಿದಿರುವುದು.

ನಿಮ್ಮ ಮಗಳು,
ವಿದ್ಯಾಶ್ರೀ


ರಾಯದುರ್ಗ
30-1-2025

ಚಿ. ವಿದ್ಯಾಳಿಗೆ ಅಪ್ಪನ ಆಶೀರ್ವಾದ.

ಇಪ್ಪತ್ತೆರಡು ವರ್ಷದಿಂದ ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರಿಕೊಂಡು ಮರ್ಯಾದೆಯಿಂದ ಇದ್ದೆ. ನೀನು ನನ್ನ ಮಾನ ಕಳೆದೆ. ಮೊನ್ನೆ ಗಲ್ಲಾ ಪೆಟ್ಟಿಗೆಯ ಹಿಂದೆ ಫೋನು ಹಿಡಿದು ಕೂತಿದ್ದಾಗ ಜೀನ್ಸ್ ಹೊಲಿಯುವ ರುದ್ರಮುನಿ ಬಂದ. ಎಂಟು ಇಂಚಿನ ಜಿಪ್ಪು ಕೇಳಿದವನಿಗೆ ಆರಿಂಚಿನದು ಕಟ್ಟಿಕೊಟ್ಟೆ. ಅವನು ವಾಪಸು ಬಂದು, "ಏನ್ರಿ ಪ್ರಸಾದಣ್ಣ, ಯಾರಿಗೆ ಮೆಸೇಜು?" ಎಂದು ಕಣ್ಣು ಮಿಟುಕಿಸಿದ. "ಮುದುಕನ್ನ ಕೋಟಿ ಹತ್ತಸಾಕತ್ತೀನಿ, ಸುಮ್ಕಿರಪ್ಪ" ಎಂದೆ. ಪೇಟೆಯಲ್ಲೆಲ್ಲ ಈಗ ಅದೇ ಮಾತು.

ಇಂಗ್ಲಿಷು ನನಗೆ ಅಷ್ಟಕ್ಕಷ್ಟೇ ಎಂದು ನಿನಗೆ ಗೊತ್ತು. ಪರದೆಯ ಮೇಲೆ ಬಂದ ಮಾತನ್ನು ನನ್ನ ಫೋನಿಂದ ಫೋಟೋ ಹೊಡೆದು, ಅದನ್ನು ಕನ್ನಡ ಮಾಡಿಸಿ, ಆ ಕನ್ನಡವನ್ನು ನಾನು ಮತ್ತೆ ಕನ್ನಡ ಮಾಡಿಕೊಂಡು ಓದಬೇಕು. ಒಂದು ಅಧ್ಯಾಯಕ್ಕೆ ಮೂರು ದಿನ ಹಿಡಿಯಿತು. 'ಆಟೋ' ಒತ್ತುವುದು ಮರೆತು ಮೆಟ್ಟಿಲ ಮೇಲೆ ಆರು ಸಲ ಸತ್ತೆ.

ಹನ್ನೆರಡನೆಯ ಅಧ್ಯಾಯ ಹೀಗಿದೆ. ಮಬ್ಬು ಬೆಟ್ಟದ ಬುಡಕ್ಕೆ ಬಂದಿದೆ. ಹಾಲ್ಡನ್ ಮಿರೇಲಳಿಗೆ, ನೀನು ಇಳಿದು ಹೋಗು, ಇಲ್ಲಿದ್ದರೆ ನನ್ನನ್ನೂ ಮರೆಯುತ್ತೀಯ ಅನ್ನುತ್ತಾನೆ. ಅವಳು ಹೋಗುವುದಿಲ್ಲ. ಬಾಗಿಲಿಗೆ ಅಡ್ಡ ಕೂತು ಕತ್ತಿ ಮಸೆಯುತ್ತಾಳೆ. ಮುದುಕ ಕೆಮ್ಮುತ್ತಾನೆ. ಕೊನೆಗೆ ಇಬ್ಬರೂ ಕೋಟೆಯ ಗೋಡೆಯ ಮೇಲೆ ಕೂತು ಬಯಲು ನೋಡುತ್ತಾರೆ. ಅವನು ಒಂದೊಂದೇ ಊರು ತೋರಿಸಿ ಅದರ ಹೆಸರು ಹೇಳಿಕೊಡುತ್ತಾನೆ, ಅವಳು ತಿರುಗಿ ಹೇಳುತ್ತಾಳೆ. ಅಲ್ಲಿಗೆ ಮುಗಿಯಿತು. ಸತ್ಯವಾಗಿ ಹೇಳುತ್ತೇನೆ, ಅದನ್ನು ಓದಿ ನಾನು ಸ್ವಲ್ಪ ಹೊತ್ತು ಅಂಗಡಿಯಿಂದ ನಮ್ಮ ರಾಯದುರ್ಗದ ಕೋಟೆಯನ್ನೇ ನೋಡುತ್ತಾ ಕೂತಿದ್ದೆ. ತಾತನೂ ಹೀಗೇ ಭೈರವಾನಿತಿಪ್ಪದ ಅಣೆಕಟ್ಟೆಯ ಮೇಲೆ ನನ್ನನ್ನು ಕೂರಿಸಿ ಊರುಗಳ ಹೆಸರು ಹೇಳಿಕೊಟ್ಟಿದ್ದರು.

ಅಂಚೆಗೆ ಹಾಕುವ ಮುಂಚೆ ಈ ಪತ್ರ ಅಜ್ಜಿಗೆ ಓದಿದೆ. ಎಲ್ಲಾ ಕೇಳಿ, "ಆ ಮುದುಕಗ ಬುತ್ತಿ ಯಾರು ಒಯ್ತಾರ?" ಎಂದರು. ಉತ್ತರ ನೀನೇ ಬರೆ.

ಇಂತಿ,
ನಿನ್ನ ಅಪ್ಪಾಜಿ


ಮಡಕಶಿರ
5-2-2025

ಅಪ್ಪಾಜಿ,

ನಿಮ್ಮ ಪತ್ರ ಈ ರೂಮಿನಲ್ಲಿ ಎಷ್ಟು ಕೈ ದಾಟಿತು ಗೊತ್ತೇ? ಕನ್ನಡ ಓದಲು ಬಾರದವರಿಗೆ ನಾನು ತೆಲುಗಿನಲ್ಲಿ ಹೇಳಿದೆ. ಸಂಧ್ಯಾ ಅಂತ ಇದ್ದಾಳೆ, ಇಲ್ಲೇ ಹತ್ತಿರದ ಹಳ್ಳಿಯವಳು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಆಟವನ್ನು ಕಣ್ಣಲ್ಲೂ ನೋಡಿಲ್ಲ. "ನಿಮ್ಮಪ್ಪ ಚೆನ್ನಾಗಿ ಬರೀತಾರೆ ಕಣೇ, ನಮ್ಮಪ್ಪ ಫೀಜು ಕಟ್ಟಿದೀನಿ ಅಂತ ಮಾತ್ರ ಬರೀತಾರೆ" ಅಂದಳು. ಇಲ್ಲಿಯ ಬೆಟ್ಟದ ಕೋಟೆ ನಮ್ಮ ಕಿಟಕಿಗೆ ಕಾಣುತ್ತದೆ. ಈಗ ಎಲ್ಲರೂ ಅದನ್ನು ಹಾಲ್ಡನ್ ಕೋಟೆ ಅನ್ನುತ್ತಾರೆ.

ಅಜ್ಜಿಗೆ ಹೇಳಿ: ಬುತ್ತಿಯನ್ನು ಮೊದಲು ಕೆಳಗಿನ ಊರಿನವರು ಒಯ್ಯುತ್ತಿದ್ದರು. ಮಬ್ಬು ಬಂದ ಮೇಲೆ ಅವರಿಗೆ ಮರೆತುಹೋಯಿತು. ಐದನೇ ಅಧ್ಯಾಯದಲ್ಲಿ ಮೆಟ್ಟಿಲ ಪಕ್ಕ ಖಾಲಿ ಬುಟ್ಟಿಗಳಿದ್ದವು. ಅವು ಏನೆಂದು ಯಾರಿಗೂ ಹೊಳೆದಿರಲಿಲ್ಲ. ಅಜ್ಜಿ ಕೇಳಿದ ಮೇಲೆ ನನಗೆ ಹೊಳೆಯಿತು. ಅಜ್ಜಿ ದೊಡ್ಡ ಫ್ಯಾನ್ ಆಗುತ್ತಾರೆ, ನೋಡುತ್ತಿರಿ.

ಈಗ ಒಂದು ಮುಖ್ಯವಾದ ಮಾತು. ಹಾಲ್ಡನ್ ಕೆಮ್ಮುತ್ತಾನೆ ಎಂದು ಬರೆದಿದ್ದೀರಿ. ಅವನು ಹಿಂದೆ ಯಾವತ್ತೂ ಕೆಮ್ಮಿದವನಲ್ಲ. ಊರುಗಳ ಹೆಸರು ಹೇಳಿಕೊಡುವುದು ಅಂದರೆ ಒಪ್ಪಿಸಿಕೊಡುವುದು. ಮುಂದಿನ ಅಧ್ಯಾಯದಲ್ಲಿ ಅವನು ಸಾಯುತ್ತಾನೆ ಎಂದು ನನಗೆ ಅನ್ನಿಸುತ್ತಿದೆ. ಸತ್ತರೆ ಸತ್ತ ಎಂದೇ ಬರೆಯಿರಿ. ಅಳುತ್ತೇನೆ, ಅತ್ತು ಓದಿಕೊಳ್ಳುತ್ತೇನೆ. ಮುಚ್ಚಿಡಬೇಡಿ.

ಇದನ್ನು ಎತ್ತಬಾರದು ಎಂದುಕೊಂಡಿದ್ದೆ, ಆದರೆ ಎತ್ತುತ್ತೇನೆ. ಹೋದ ವರ್ಷ ಹತ್ತನೇ ಪರೀಕ್ಷೆಯಲ್ಲಿ ನೀವೆಲ್ಲ ತಾತನ ಜೊತೆ ಬಳ್ಳಾರಿ ಆಸ್ಪತ್ರೆಯಲ್ಲಿದ್ದಿರಿ, ನಾನು ಪಕ್ಕದ ಮನೆಯ ಪಾಪಕ್ಕನ ಜೊತೆ ಇದ್ದೆ. ಗಣಿತದ ಪೇಪರಿನ ದಿನ ತಾತ ಹೋದರು. ಮರುದಿನ ಗುಮ್ಮಗಟ್ಟದ ಹೊಲದಲ್ಲಿ ಮಣ್ಣು ಮಾಡಿದಿರಿ. ಇನ್ನೂ ಮೂರು ಪೇಪರು ಬಾಕಿ ಇದ್ದವು. ನಾನು ಫೋನು ಮಾಡಿದಾಗ ನೀವು "ತಾತ ಮಲಗ್ಯಾರವ್ವಾ" ಎಂದಿರಿ. ಪಾಪಕ್ಕ "ಗಣಿತ ಹೆಂಗ ಬರದಿ ಅಂತ ತಾತ ಕೇಳಿದ್ರಂತ" ಎಂದರು. ನಾನು ಖುಷಿಯಿಂದ, ತೊಂಬತ್ತು ದಾಟುತ್ತದೆ ಎಂದು ಹೇಳಿ ಕಳಿಸಿದೆ. ಯಾರಿಗೆ ಹೇಳಿ ಕಳಿಸಿದೆ ಅಪ್ಪಾಜಿ? ಕೊನೆಯ ಪೇಪರು ಮುಗಿಸಿ ಮನೆಗೆ ಬಂದರೆ ತಾತನ ಮಂಚವೇ ಇರಲಿಲ್ಲ.

ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ, ಮಕ್ಕಳ ಒಳ್ಳೆಯದಕ್ಕೇ ಮಾಡುತ್ತಾರೆ ಎಂದು ಅಮ್ಮ ಹೇಳಿದರು. ಇರಬಹುದು. ಹಾಲ್ಡನ್ ವಿಷಯದಲ್ಲಿ ಹಾಗೆ ಮಾಡಬೇಡಿ. ಇಷ್ಟೇ ಕೇಳುವುದು.

ವಿದ್ಯಾ


ರಾಯದುರ್ಗ
14-2-2025

ಚಿ. ವಿದ್ಯಾ,

ಪತ್ರ ತಲುಪಿತು. ತಡವಾಯಿತು, ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು.

ಹದಿಮೂರನೆಯ ಅಧ್ಯಾಯ ಆಡಿದೆ. ಮಬ್ಬು ಮೆಟ್ಟಿಲು ಹತ್ತಿ ಬಂತು. ಮಿರೇಲ್ ಬಾಗಿಲಲ್ಲಿ ನಿಂತು ಹೋರಾಡಿದಳು. ಹಾಲ್ಡನ್ ದೀಪದ ಹತ್ತಿರ ಬಿದ್ದುಬಿಟ್ಟ. ನೀನು ಹೆದರಿದ್ದೆಯಲ್ಲ, ಹಾಗೇನೂ ಆಗಲಿಲ್ಲ. ಅವಳು ಓಡಿ ಬಂದು ಅವನನ್ನು ಎತ್ತಿ ಕೂರಿಸಿದಳು. ಯಾವುದೋ ಸೊಪ್ಪಿನ ಕಷಾಯ ಮಾಡಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಎದ್ದು ಕೂತ, ಗಂಜಿ ಕುಡಿದ. ಈಗ ಚೆನ್ನಾಗಿದ್ದಾನೆ. ಎರಡು ದಿನ ಓಡಾಡಬಾರದು ಅಷ್ಟೆ. ಮಬ್ಬು ಅರ್ಧ ಬೆಟ್ಟಕ್ಕೆ ಇಳಿಯಿತು.

ನೀನು ಹೋದ ವರ್ಷದ್ದು ಬರೆದಿದ್ದೀಯ. ಸಿಕ್ಕಾಗ ಮಾತಾಡೋಣ.

ಸಂಧ್ಯಾಳ ತಂದೆ ರಾಯದುರ್ಗಕ್ಕೆ ಬಂದಿದ್ದರು. ಅವರ ಕೈಲಿ ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ, ಅಜ್ಜಿ ಮಾಡಿದ್ದು. ಅಜ್ಜಿ ಆರೋಗ್ಯವಾಗಿದ್ದಾರೆ. ಪರೀಕ್ಷೆ ಹತ್ತಿರ ಬಂತು, ಓದಿನ ಕಡೆ ಗಮನ ಇರಲಿ.

ಇಂತಿ,
ಅಪ್ಪಾಜಿ


ಮಡಕಶಿರ
19-2-2025

ಅಪ್ಪಾಜಿ!

ಬದುಕಿದ್ದಾನೆ! ಪತ್ರ ಓದಿ ನಾನು ಮಂಚದ ಮೇಲೆ ಹತ್ತಿ ಕುಣಿದೆ. ವಾರ್ಡನ್ ಮೇಡಂ ಬಂದು ಯಾರಿಗೆ ಏನಾಯಿತು ಎಂದು ಕೇಳಿದರು. "ಮಾ ತಾತಕಿ ನಯಮಯ್ಯಿಂದಿ ಮೇಡಂ" ಎಂದಳು ಸಂಧ್ಯಾ, ನಮ್ಮ ತಾತನಿಗೆ ಗುಣವಾಯಿತು ಎಂದು. ಮೇಡಂ "ದೇವರು ದೊಡ್ಡವನು" ಎಂದು ಹೇಳಿ ಹೋದರು. ನಕ್ಕು ನಕ್ಕು ಸಾಕಾಯಿತು.

ನನ್ನ ಲೆಕ್ಕಾಚಾರ ತಪ್ಪಿತು. ನನಗೆ ಬೇಜಾರಿಲ್ಲ. ಮುಂದಿನ ಅಧ್ಯಾಯ ಬೇಗ ಬರೆಯಿರಿ.

ಚಟ್ನಿಪುಡಿ ಬಂತು. ಅಜ್ಜಿ ಈ ಸಲ ಬೆಳ್ಳುಳ್ಳಿ ಯಾಕೆ ಕಡಿಮೆ ಹಾಕಿದರು? ಅವರ ಕೈಯ ಪುಡಿ ಡಬ್ಬಿ ತೆಗೆದರೆ ಮೂರು ರೂಮಿಗೆ ಗೊತ್ತಾಗುತ್ತಿತ್ತು.

ವಿದ್ಯಾ


ರಾಯದುರ್ಗ
26-2-2025

ಚಿ. ವಿದ್ಯಾ,

ಇವತ್ತು ಶಿವರಾತ್ರಿ. ಅಜ್ಜಿ ಪ್ರತಿ ವರ್ಷದಂತೆ ಉಪವಾಸ ಇದ್ದಾರೆ. ಬೆಳ್ಳುಳ್ಳಿ ಮನೆಯಲ್ಲಿ ಮುಗಿದಿತ್ತಂತೆ.

ಹದಿನಾಲ್ಕನೆಯದು ಚಿಕ್ಕ ಅಧ್ಯಾಯ. ಮಿರೇಲ್ ಒಂಬತ್ತನೆಯ ದೀಪವನ್ನು ಕೈಯಲ್ಲಿ ಹಿಡಿದು ಬೆಟ್ಟ ಇಳಿಯುತ್ತಾಳೆ. ಆರಿಹೋದ ಎಂಟನೆಯ ಕೋಟೆಗೆ ಹೋಗಿ ಅಲ್ಲಿ ಬೆಳಕು ಮಾಡಬೇಕೆಂದು. ದಾರಿಯಲ್ಲಿ ಮಬ್ಬು ಅವಳನ್ನು ಕಂಡು ಸರಿಯುತ್ತದೆ. ಊರಿನವರು ಒಬ್ಬೊಬ್ಬರೇ ಹೊರಗೆ ಬಂದು, ಅವಳು ಹೆಸರು ಹೇಳಿದಂತೆ ತಮ್ಮ ಹೆಸರು ನೆನಪಿಸಿಕೊಳ್ಳುತ್ತಾರೆ. ಹಾಲ್ಡನ್ ಕೋಟೆಯ ಮೇಲೆಯೇ ಇದ್ದಾನೆ, ವಿಶ್ರಾಂತಿಯಲ್ಲಿ.

ಒಂದನೇ ತಾರೀಖಿನಿಂದ ಪರೀಕ್ಷೆ. ಧೈರ್ಯವಾಗಿ ಬರೆ. ಇಲ್ಲಿ ಎಲ್ಲಾ ಕ್ಷೇಮ.

ಅಪ್ಪಾಜಿ


ಮಡಕಶಿರ
3-3-2025

ಅಪ್ಪಾಜಿಯವರಿಗೆ,

ನಾಳೆ ಇಂಗ್ಲಿಷ್ ಪರೀಕ್ಷೆ. ಪುಸ್ತಕ ಮುಚ್ಚಿಟ್ಟು ಇದನ್ನು ಬರೆಯುತ್ತಿದ್ದೇನೆ. ಸ್ಪೀಡ್ ಪೋಸ್ಟಿಗೆ ಹಾಕಲು ಸಂಧ್ಯಾಳ ತಂದೆಯ ಕೈಗೆ ಕೊಡುತ್ತೇನೆ. ನಿನ್ನೆ ಭಾನುವಾರದ ಫೋನಿಗೆ ನಾನು ಬರಲಿಲ್ಲ. ಬೇಕೆಂದೇ ಬರಲಿಲ್ಲ.

ಹಾಲ್ಡನ್ ಸತ್ತಿದ್ದಾನೆ. ನೀವು ಸುಳ್ಳು ಬರೆದಿದ್ದೀರಿ.

ನನ್ನ ಮೊದಲ ಪತ್ರ ತೆಗೆದು ನೋಡಿ. ಕಾವಲುಗಾರ ಬದುಕಿರುವಾಗ ಬೇರೆಯವರು ದೀಪ ಎತ್ತಿದರೆ ಅದು ಆರುತ್ತದೆ. ಮಿರೇಲ್ ಕೈಯಲ್ಲಿ ದೀಪ ಉರಿಯುತ್ತಿದೆ, ಮಬ್ಬು ಸರಿಯುತ್ತಿದೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಅವನಿಲ್ಲ. ಅವಳು ಅವನ ಕೈ ಹಿಡಿದಿದ್ದಳು, ಅವನು ಹೋದ, ದೀಪ ಅವಳಿಗೆ ಬಂತು. ಇದನ್ನು ತಿಳಿಯಲು ಆಟ ಆಡಬೇಕಾಗಿಲ್ಲ. ಮೂರು ವರ್ಷ ಈ ಕಥೆಯೊಳಗೆ ಓಡಾಡಿದವಳು ನಾನು. ಅಲ್ಲಿ ಸುಳ್ಳು ಹೊಕ್ಕರೆ ನನಗೆ ಗೊತ್ತಾಗುತ್ತದೆ. ಗಂಜಿಯಂತೆ! ಆ ನಾಡಿನಲ್ಲಿ ಯಾರೂ ಯಾವತ್ತೂ ಗಂಜಿ ಕುಡಿದಿಲ್ಲ ಅಪ್ಪಾಜಿ.

ಒಂದೇ ಒಂದು ಮಾತು ಕೇಳಿದ್ದೆ, ಮುಚ್ಚಿಡಬೇಡಿ ಎಂದು. ಆಟದ ಮುದುಕನನ್ನೇ ಮುಚ್ಚಿಟ್ಟವರು ಇನ್ನು ಏನನ್ನು ಮುಚ್ಚಿಟ್ಟಿದ್ದೀರಿ ಎಂದು ಯೋಚಿಸುತ್ತಾ ಕೂತೆ. ಹಳೆಯ ಪತ್ರಗಳನ್ನು ಸಾಲಾಗಿ ಇಟ್ಟು ಓದಿದೆ, ಆಟದ ಸುಳಿವುಗಳನ್ನು ಓದುವ ಹಾಗೆಯೇ. ಜನವರಿಯ ಪತ್ರದಲ್ಲಿ ಅಜ್ಜಿ ಮಾತಾಡುತ್ತಾರೆ. ಆಮೇಲೆ ಒಂದು ಮಾತೂ ಇಲ್ಲ, ಬರೀ 'ಆರೋಗ್ಯವಾಗಿದ್ದಾರೆ'. ಚಟ್ನಿಪುಡಿ ಅಜ್ಜಿ ಮಾಡಿದ್ದಲ್ಲ, ಅಮ್ಮ ಮಾಡಿದ್ದು. ಫೆಬ್ರವರಿಯ ಮೂರು ಭಾನುವಾರ ಅಜ್ಜಿಗೆ ಫೋನು ಕೊಡಿ ಎಂದೆ. ಒಂದು ಸಲ ಸ್ನಾನಕ್ಕೆ ಹೋಗಿದ್ದರು, ಒಂದು ಸಲ ಗುಡಿಗೆ ಹೋಗಿದ್ದರು, ಒಂದು ಸಲ ಮಲಗಿದ್ದರು. "ಮಲಗ್ಯಾರವ್ವಾ" ಎಂದೇ ಅಂದಿರಿ. ಅದೇ ಮಾತು.

ಅಜ್ಜಿ ಇದ್ದಾರೋ ಇಲ್ಲವೋ?

ತಾತನ ಕೈ ಹಿಡಿಯಲು ನನ್ನನ್ನು ಬಿಡಲಿಲ್ಲ. ಗಣಿತದಲ್ಲಿ ತೊಂಬತ್ತೆರಡು ಬಂತು. ಆ ತೊಂಬತ್ತೆರಡನ್ನು ಏನು ಮಾಡಲಿ? ನಿಜ ಬರೆಯಿರಿ. ಪರೀಕ್ಷೆ ಕೆಟ್ಟರೆ ಮತ್ತೆ ಕಟ್ಟಿ ಬರೆಯುತ್ತೇನೆ.

ವಿದ್ಯಾಶ್ರೀ


ರಾಯದುರ್ಗ
7-3-2025

ವಿದ್ಯಾ,

ಈ ಪತ್ರ ಅಂಚೆಗೆ ಹಾಕುವುದಿಲ್ಲ. ನಾಳೆ ಶನಿವಾರದ ಪೇಪರು ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಬಂದು ಕೈಗೆ ಕೊಡುತ್ತೇನೆ. ಬಾಯಿಂದ ಹೇಳುವ ಧೈರ್ಯ ನನಗಿಲ್ಲ. ನೀನು ಓದುವವರೆಗೆ ಪಕ್ಕದಲ್ಲಿ ನಿಂತಿರುತ್ತೇನೆ.

ಅಜ್ಜಿ ಇದ್ದಾರೆ. ಮೊದಲು ಅದು.

ಫೆಬ್ರವರಿ ಒಂಬತ್ತರಂದು ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಬಳ್ಳಾರಿಗೆ ಕರೆದುಕೊಂಡು ಹೋದೆವು. ಎದೆ ಬಲವಾಗಿಲ್ಲ, ಆಪರೇಷನ್ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಹನ್ನೆರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಈಗ ನಡುಮನೆಯಲ್ಲಿ ಮಲಗಿದ್ದಾರೆ. ಊಟ ಇಳಿಯುವುದಿಲ್ಲ. ಪ್ರಜ್ಞೆ ಚೆನ್ನಾಗಿದೆ. ದಿನಕ್ಕೆ ಎರಡು ಸಲ ನಿನ್ನ ಪರೀಕ್ಷೆ ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಾರೆ.

ಫೆಬ್ರವರಿ ಹದಿನಾಲ್ಕರ ಪತ್ರಕ್ಕೆ ರಾಯದುರ್ಗ ಎಂದು ಹಾಕಿದ್ದೆ. ಅದನ್ನು ಬರೆದದ್ದು ಬಳ್ಳಾರಿ ಆಸ್ಪತ್ರೆಯ ಮಂಚದ ಪಕ್ಕ ಕೂತು. ಹೊತ್ತು ಕಳೆಯಲಿ ಎಂದು ಅಜ್ಜಿಗೆ ಹದಿಮೂರನೆಯ ಅಧ್ಯಾಯವನ್ನು ಓದಿ ಹೇಳುತ್ತಿದ್ದೆ. ಹಾಲ್ಡನ್ ಬಿದ್ದ, ಮಿರೇಲ್ ಕೈ ಹಿಡಿದಳು, ಅಲ್ಲಿಯವರೆಗೆ ಓದಿದೆ. ಮುಂದಿನ ಸಾಲು ಪರದೆಯ ಮೇಲೆ ಬಂತು. ಅಜ್ಜಿ, "ಮುಂದೇನಾತೋ?" ಎಂದರು. ಅವರೂ ಬಿದ್ದವರು, ನಾನೂ ಅವರ ಕೈ ಹಿಡಿದೇ ಕೂತಿದ್ದವನು. ಆ ಸಾಲನ್ನು ಹೇಗೆ ಓದಲಿ? "ಎದ್ದು ಕುಂತ, ಗಂಜಿ ಕುಡಿದ" ಎಂದುಬಿಟ್ಟೆ. ಅಜ್ಜಿ, "ಹಂಗೇ ಬರಿ ಕೂಸಿಗೆ" ಎಂದರು. ಬರೆದೆ.

ಪರೀಕ್ಷೆ ಮುಗಿಯುವವರೆಗೆ ನಿನಗೆ ಹೇಳಬಾರದೆಂದು ನಿಮ್ಮಮ್ಮ, ಪಾಪಕ್ಕ, ನಾನು, ಎಲ್ಲರೂ ಸೇರಿ ಗೊತ್ತು ಮಾಡಿದೆವು. ನಾನು ಬೇಡವೆನ್ನಲಿಲ್ಲ, ತಪ್ಪು ಅವರ ಮೇಲೆ ಹಾಕುವುದಿಲ್ಲ. ಹೋದ ವರ್ಷವೂ ಹೀಗೇ. ತಾತನಿಗೆ ಮಣ್ಣು ಹಾಕಿ, ಕೈ ತೊಳೆಯುವ ಮುಂಚೆ ನಿನ್ನ ಫೋನು ಬಂತು. ಮಣ್ಣಿನ ಕೈಯಲ್ಲೇ ಎತ್ತಿ "ಮಲಗ್ಯಾರ" ಎಂದೆ. ಮಕ್ಕಳನ್ನು ಕಾಯುವುದು ಎಂದರೆ ಇದೇ ಎಂದು ತಿಳಿದಿದ್ದೆ. ನಿನ್ನ ಪತ್ರವನ್ನು ಅಂಗಡಿಯಲ್ಲಿ ಓದಿ ಷಟರ್ ಎಳೆದುಕೊಂಡು ಅತ್ತೆ.

ಪ್ರಿನ್ಸಿಪಾಲರಿಗೆ ರಜಾ ಅರ್ಜಿ ಬರೆದು ತಂದಿದ್ದೇನೆ. ಮಂಗಳವಾರದ ಪರೀಕ್ಷೆಗೆ ಸೋಮವಾರ ತಂದು ಬಿಡುತ್ತೇನೆ. ಪುಸ್ತಕ ಬೇಕಿದ್ದರೆ ತಗೊಂಡು ಬಾ, ಬೇಡವಾದರೆ ಬಿಡು. ಬಾ ಅವ್ವಾ.

ಅಪ್ಪ


ರಾಯದುರ್ಗ, ನಮ್ಮ ಮನೆ
10-3-2025, ಬೆಳಗ್ಗೆ

ಅಪ್ಪಾಜಿ,

ನೀವು ಬಸ್ಸಿನ ಸಮಯ ಕೇಳಲು ಹೋಗಿದ್ದೀರಿ. ಇದನ್ನು ನಿಮ್ಮ ಅಂಗಡಿ ಚೀಲದಲ್ಲಿ, ಜಿಪ್ಪಿನ ಸ್ಯಾಂಪಲ್ ಕಾರ್ಡಿನ ಕೆಳಗೆ ಇಡುತ್ತೇನೆ. ನನಗೂ ಬಾಯಿಂದ ಹೇಳಲು ಬರುವುದಿಲ್ಲ. ನಿಮ್ಮದೇ ಗುಣ.

ನಿನ್ನೆ ಮಧ್ಯಾಹ್ನ ನೀವು ಔಷಧಿಗೆ ಹೋದಾಗ ನಾನೊಬ್ಬಳೇ ಅಜ್ಜಿಯ ಹತ್ತಿರ ಇದ್ದೆ. ಅಜ್ಜಿಯ ಕೈ ಎಷ್ಟು ಹಗುರವಾಗಿದೆ. ಕಣ್ಣು ಮುಚ್ಚಿದ್ದರು, ಮಲಗಿದ್ದಾರೆ ಎಂದುಕೊಂಡೆ. ಇದ್ದಕ್ಕಿದ್ದಂತೆ, "ಆ ಮುದುಕ ಹೆಂಗದಾನ?" ಎಂದರು.

ಅಪ್ಪಾಜಿ, ನಿಮಗೆ ಎರಡು ಪುಟ ಬೈದು ಬರೆದವಳು ನಾನು. ನಿಜ ಹೇಳಲು ಬಾಯಿ ತೆರೆದೆ. "ಅದಾನಜ್ಜಿ, ಮ್ಯಾಲೆ ಕೋಟಿಯಾಗ ಅದಾನ" ಎಂದೆ. "ಗಂಜಿ ಕುಡ್ಯಾಕತ್ತಾನಾ?" ಎಂದರು. "ಹ್ಞೂಂ, ಎರಡು ಹೊತ್ತೂ ಕುಡಿತಾನ" ಎಂದೆ. ನನ್ನ ದನಿಯೇ ನನಗೆ ಕೇಳಿಸಿತು, ನಿಮ್ಮದರ ಹಾಗೆಯೇ ಇತ್ತು.

ಅಜ್ಜಿ ಕಣ್ಣು ತೆಗೆದು ನನ್ನನ್ನು ನೋಡಿದರು. ನಕ್ಕರು ಕೂಡ. "ಸುಳ್ಳು ಹೇಳಾದು ನಿಮ್ಮಪ್ಪನ ಹತ್ರ ಕಲಿ. ಅವನು ಮುಖ ನೋಡಿ ಹೇಳ್ತಾನ. ನೀನು ಗ್ವಾಡಿ ನೋಡಿ ಹೇಳ್ತಿ" ಎಂದರು. ಬಳ್ಳಾರಿಯಲ್ಲೇ ಅವರಿಗೆ ಎಲ್ಲಾ ಗೊತ್ತಾಗಿತ್ತು. ನಿಮ್ಮ ಕೈ ಬೆವರಿತಂತೆ.

ಆಮೇಲೆ ದೇವರ ಗೂಡಿನ ಕಡೆ ತೋರಿಸಿ, "ಇವತ್ತು ನೀನು ಹಚ್ಚು" ಎಂದರು. ಬಂದ ಸೊಸೆಯನ್ನೂ ಮುಟ್ಟಗೊಡದೆ ಐವತ್ತು ವರ್ಷ ತಾವೇ ಹಚ್ಚಿದ ದೀಪ. ಆಸ್ಪತ್ರೆಯಿಂದ ಬಂದ ಮೇಲೂ ಮಂಚದ ಹತ್ತಿರ ತರಿಸಿ ಹಚ್ಚುತ್ತಿದ್ದಾರೆ ಎಂದು ಅಮ್ಮ ಹೇಳಿದರು. ನಾನು ಹಚ್ಚಲಿಲ್ಲ. ಅಜ್ಜಿ ಇರುವಾಗ ನಾನು ಯಾಕೆ ಹಚ್ಚಬೇಕು? ಆಟದ ಕಟ್ಟಳೆ ಆಟಕ್ಕೆ ಮಾತ್ರ ಎಂದು ನನಗೆ ಗೊತ್ತು. ಆದರೂ ಕಡ್ಡಿಪೆಟ್ಟಿಗೆಗೆ ಕೈ ಹೋಗಲಿಲ್ಲ. "ನೀವೇ ಹಚ್ಚಬೇಕು" ಎಂದು ಹಟ ಮಾಡಿದೆ. ಸಂಜೆ ಅವರನ್ನು ಒರಗಿಸಿ ಕೂರಿಸಿ, ಅವರ ಕೈಯಿಂದಲೇ ಹಚ್ಚಿಸಿದ್ದು ನೀವೂ ನೋಡಿದಿರಿ.

ನೀವು ಯಾಕೆ ಸುಳ್ಳು ಹೇಳುತ್ತೀರೆಂದು ಈಗ ಗೊತ್ತಾಯಿತು. ಆದರೂ ನನಗೆ ಹೇಳಬೇಡಿ. ಅಜ್ಜಿಗೆ ಬೇಕಾದರೆ ಇಬ್ಬರೂ ಸೇರಿ ಹೇಳೋಣ. ಗುರುವಾರ ಕೆಮಿಸ್ಟ್ರಿಯೊಂದಿಗೆ ನನ್ನ ಪರೀಕ್ಷೆ ಮುಗಿಯುತ್ತದೆ. ಅಲ್ಲಿಯವರೆಗೆ ದಿನಾ ಸಂಜೆ ಯಾರು ದೀಪ ಹಚ್ಚಿದರು ಎಂದು ಬರೆದು ತಿಳಿಸಿ. ಅಷ್ಟೇ ಸಾಕು, ಉಳಿದದ್ದು ನನಗೆ ತಿಳಿಯುತ್ತದೆ.

ವಿದ್ಯಾ


ರಾಯದುರ್ಗ
12-3-2025

ವಿದ್ಯಾ,

ನಿನ್ನ ಕಾಗದ ಚೀಲದಲ್ಲಿ ಸಿಕ್ಕಿತು. ಅಂಚೆ ನಂಬಿದರೆ ತಡವಾಗುತ್ತದೆ. ರುದ್ರಮುನಿ ಇವತ್ತೇ ತನ್ನ ಗಾಡಿಯಲ್ಲಿ ಹಿಂದೂಪುರದ ಕಡೆ ಹೊರಟಿದ್ದಾನೆ, ಮಡಕಶಿರದ ತಂಗಿ ಮನೆಯಲ್ಲಿ ಉಳಿಯುತ್ತಾನೆ. ಇದನ್ನು ಅವನ ಕೈಲಿ ಕೊಡುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಕೊಡಲಿ ಎಂದು ಇಲ್ಲಿ ಎಲ್ಲರೂ ಹೇಳಿದರು. ನಾಳೆ ಬೆಳಗ್ಗೆ ಎಂಟಕ್ಕೆ, ನೀನು ಪರೀಕ್ಷೆಯ ಹಾಲಿಗೆ ಹೋಗುವ ಮುಂಚೆಯೇ ಕೊಡಬೇಕೆಂದು ನಾನು ಹೇಳಿದ್ದೇನೆ.

ಸೋಮವಾರ ನಿಮ್ಮಮ್ಮ ದೀಪ ತಂದು ಹಿಡಿದಳು, ಅಜ್ಜಿ ಕಡ್ಡಿ ಮುಟ್ಟಿಸಿದರು. ನಿನ್ನೆ ಕಡ್ಡಿ ಹಿಡಿಯಲು ಆಗಲಿಲ್ಲ. ಅವರ ಬೆರಳುಗಳನ್ನು ನಾನು ಹಿಡಿದುಕೊಂಡು ಹಚ್ಚಿಸಿದೆ. ಅದು ಅವರು ಹಚ್ಚಿದ್ದೋ ನಾನು ಹಚ್ಚಿದ್ದೋ, ನಿನ್ನ ಕಟ್ಟಳೆಯಲ್ಲಿ ಏನನ್ನುತ್ತಾರೋ ತಿಳಿಯದು. ಇವತ್ತು ಬೆಳಗಿನಿಂದ ಕಣ್ಣು ತೆರೆದಿಲ್ಲ. ದೀಪ ನಾನು ಹಚ್ಚಿದೆ. ಸಂಜೆಯವರೆಗೆ ಕಾಯಲಿಲ್ಲ, ರುದ್ರಮುನಿ ಹೊರಡುವ ಮುಂಚೆ ಹಚ್ಚಿ ಬರೆಯುತ್ತಿದ್ದೇನೆ.

ಅಜ್ಜಿ ಇದ್ದಾರೆ. ಉಸಿರಿದೆ. ಚಮಚದಲ್ಲಿ ನೀರು ಹಾಕಿದರೆ ಅರ್ಧ ಒಳಗೆ ಹೋಗುತ್ತದೆ. ಡಾಕ್ಟರು ಬಂದು ನಾಡಿ ನೋಡಿ ಹೋದರು. ನೀನು ಬರುವವರೆಗೆ ಇರುತ್ತಾರೆ ಎಂದು ಬರೆಯಬೇಕು ಅನ್ನಿಸಿತು. ಆ ಸಾಲು ಪೆನ್ನಿನ ತುದಿಗೆ ಬಂದಿತ್ತು. ಗೊತ್ತಿಲ್ಲ ವಿದ್ಯಾ. ನನಗೆ ಗೊತ್ತಿಲ್ಲ.

ಪರೀಕ್ಷೆ ಬರೆದು ಬರುತ್ತೀಯೋ, ಬರೆಯದೆ ಬರುತ್ತೀಯೋ, ನೀನೇ ನೋಡಿಕೋ. ಯಾವುದಕ್ಕೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ರುದ್ರಮುನಿ ಗೇಟಿನ ಹತ್ತಿರವೇ ಕಾಯುತ್ತಾನೆ, ಕರೆದುಕೊಂಡು ಬರುತ್ತಾನೆ. ನಾನೇ ಬರಬೇಕಿತ್ತು. ಎಡಗೈಯಲ್ಲಿ ಅಜ್ಜಿಯ ಕೈ ಹಿಡಿದು ಕೂತಿದ್ದೇನೆ, ಬಿಡಲು ಆಗುವುದಿಲ್ಲ. ಹಾಳೆ ಒತ್ತಿ ಹಿಡಿಯಲು ಇನ್ನೊಂದು ಕೈ ಇಲ್ಲ, ಅದಕ್ಕೇ ಅಕ್ಷರ ಸೊಟ್ಟಗಾಗಿದೆ.

ನಿನ್ನ ಅಪ್ಪಾಜಿ